ಚೀಲ ಕೈ ಬದಲಿಸುವ ಗಳಿಗೆ

(ಮುಂಬಯಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ. ಬರಹಕ್ಕಿಳಿಸುವಾಗ ಅಲ್ಲಲ್ಲಿ ಬಿಗಿ ಮಾಡಿದೆ.)

ಪರೇಲಿನ ಟಾಟಾ ಆಸ್ಪತ್ರೆಯಿಂದ ಹಾಫ್ಕಿನ್ ಸಂಸ್ಥೆಗೆ ನಡೆದೇ ಹೋಗಬಹುದು. ಊರಿನಿಂದ ರೋಗಿಯನ್ನು ಕರೆತಂದು ಚಹಾಕ್ಕೋ ಔಷಧಿಗೋ ಅಲೆಯುವ ನಮ್ಮವರು ಆ ಗೇಟಿನ ಮುಂದೆ ದಿನಕ್ಕೆ ನಾಲ್ಕು ಸಲ ಹಾದುಹೋಗಿರುತ್ತಾರೆ. ಹಾಫ್ಕಿನ್ ಗೇಟಿನ ಒಳಗೆ 1899ರಲ್ಲೇ ಪ್ಲೇಗ್ ಪ್ರಯೋಗಾಲಯ ಬಂದು ಕೂತಿತು. ಟಾಟಾ ಗೇಟಿನ ಒಳಗಿನವರು ಪೊವಾಯಿಯ ಐಐಟಿಯ ಜತೆ ಸೇರಿ, ರೋಗಿಯ ಸ್ವಂತ ಜೀವಕೋಶಗಳನ್ನೇ ಔಷಧಿಯಾಗಿ ತಿರುಗಿಸುವ ಚಿಕಿತ್ಸೆಯನ್ನು ಇಲ್ಲೇ ಕಟ್ಟಿದರು. ನಡುವೆ ನೂರಿಪ್ಪತ್ತು ವರ್ಷ ಕಳೆದಿದ್ದರೂ ಇಬ್ಬರ ತಲೆನೋವೂ ಒಂದೇ: ಒಬ್ಬರು ಮಾಡಿದ್ದನ್ನು ಇನ್ನೊಬ್ಬರ ಕೈಗೆ ಕೆಡದಂತೆ ಮುಟ್ಟಿಸುವುದು ಹೇಗೆ?

ಜೀವವಿಜ್ಞಾನದ ಸಹಭಾಗಿತ್ವ ಎಂದರೆ ಒಪ್ಪಂದದ ಕಡತ ಹಿಡಿದು ನಿಂತ ಫೋಟೊ ಕಣ್ಣಿಗೆ ಬರುತ್ತದೆ. ಆ ಫೋಟೊವನ್ನು ಪಕ್ಕಕ್ಕಿಟ್ಟು ಕೈ ಬದಲಾಗುವ ಜಾಗಗಳನ್ನು ನೋಡೋಣ. ಕೆಲಸ ಕೆಡುವುದೂ ಅಲ್ಲಿ, ಹಣ ಸೋರುವುದೂ ಅಲ್ಲಿ. ಯಾರಾದರೂ ಮೆಚ್ಚಿಗೆ ಗಳಿಸಿದ್ದರೆ ಅದೂ ಅಲ್ಲೇ.

ಮೊದಲು ಹಳೆಯ ಕತೆ, ಚುಟುಕಾಗಿ. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಹಬ್ಬುತ್ತಿದ್ದ ಜ್ವರ ಪ್ಲೇಗ್ ಎಂದು ಗುರುತಿಸಿದವರು ಗೋವಾ ಮೂಲದ ವೈದ್ಯ ಅಕಾಸಿಯೊ ವಿಯೇಗಸ್. ಅಕ್ಟೋಬರಿನಲ್ಲಿ ಲಸಿಕೆ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಬಂದಿಳಿದು ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಪ್ಲೇಗಿಗೆ ಲಸಿಕೆ ಮಾಡುವ ಕೆಲಸ ಶುರು ಮಾಡಿದರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟರೆ, ಆ ಹನಿಯ ಕೆಳಗಿನಿಂದ ಪ್ಲೇಗ್ ಬ್ಯಾಕ್ಟೀರಿಯಾ ಬಿಳಲಿನಂತೆ ಇಳಿಯುತ್ತಾ ಬೆಳೆಯುತ್ತದೆ. ಫ್ಲಾಸ್ಕನ್ನು ಅಲುಗಿಸಿ ಬಿಳಲು ಉದುರಿಸಿ ಮತ್ತೆ ಬೆಳೆಸುವುದು, ಕಡೆಗೆ ಕಾಯಿಸಿ ಕೊಂದು ಸೀಸೆಗೆ ತುಂಬುವುದು. 1897ರ ಜನವರಿ 10ರಂದು ಅವರು ಮೊದಲ ಚುಚ್ಚುಮದ್ದನ್ನು ತಮಗೇ ಹಾಕಿಸಿಕೊಂಡರು. ತಿಂಗಳು ತುಂಬುವುದರೊಳಗೆ ಬೈಕಲಾ ಜೈಲಿನಲ್ಲಿ ಒಪ್ಪಿದ ಕೈದಿಗಳ ಮೇಲೆ ಪ್ರಯೋಗ ನಡೆಯಿತು.

ಪಂಜಾಬಿನ ಮಲ್ಕೊವಾಲ್ ಹಳ್ಳಿಯ ಕತೆ 1902ರ ಅಕ್ಟೋಬರ್ 30ರದು. ಅಂದು ಲಸಿಕೆ ಹಾಕಿಸಿಕೊಂಡವರಲ್ಲಿ 53ಎನ್ ಎಂಬ ಒಂದೇ ಸೀಸೆಯಿಂದ ಪಡೆದ 19 ಮಂದಿಯೂ ಧನುರ್ವಾಯುವಿನಿಂದ ಸತ್ತರು. ಬೇರೆ ಸೀಸೆಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ಬೊಂಬಾಯಿಯಲ್ಲಿ ಸೂಕ್ಷ್ಮಾಣು ಕೊಲ್ಲುವ ಕಾರ್ಬಾಲಿಕ್ ಆಮ್ಲ ಹಾಕುವುದನ್ನು ಬಿಟ್ಟು ಕಾಯಿಸುವುದನ್ನೇ ನೆಚ್ಚಿಕೊಂಡಿದ್ದರಿಂದ ತಪ್ಪು ಪ್ರಯೋಗಾಲಯದ್ದೇ ಎಂದು ಮೊದಲ ವಿಚಾರಣೆ ತೀರ್ಮಾನಿಸಿತು. ಹಳ್ಳಿಯಲ್ಲಿ ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡದೆ ಅದರಿಂದಲೇ ಬಿರಡೆ ತೆಗೆದಿದ್ದರು ಎಂಬುದು ಆಮೇಲೆ ಹೊರಬಂತು. ಹಾಫ್ಕಿನ್ ಮೇಲಿನ ಕಳಂಕ ತೊಳೆಯುವಷ್ಟರಲ್ಲಿ 1907 ಆಗಿತ್ತು. ಸೀಸೆ ಮಾಡಿದವರು ಒಂದು ಕಡೆ, ತೆರೆದವರು ಇನ್ನೊಂದು ಕಡೆ. ತೆರೆಯುವ ಕ್ಷಣಕ್ಕೆ ಯಾರು ಹೊಣೆ ಎಂದು ಮೊದಲೇ ಬರೆದಿಟ್ಟಿರಲಿಲ್ಲ.

ಈಗ ಕಾರ್-ಟಿ, ಅಂದರೆ ಮೊದಲು ಹೇಳಿದ ಆ ಸ್ವಂತ ಜೀವಕೋಶದ ಚಿಕಿತ್ಸೆ. ಟಿ-ಕೋಶ ಎಂದರೆ ರಕ್ತದ ಬಿಳಿ ಕಣಗಳಲ್ಲಿ ಒಂದು ಬಗೆ, ಮೈಯ ಕಾವಲುಗಾರ. ಲುಕೇಮಿಯಾ, ಲಿಂಫೋಮಾ ಎಂಬ ರಕ್ತದ ಕ್ಯಾನ್ಸರುಗಳಲ್ಲಿ ಕೆಡುವ ಬಿ-ಕೋಶಗಳು, ಬಿಳಿ ಕಣಗಳ ಇನ್ನೊಂದು ಬಗೆ, ನಮ್ಮ ಮೈಯವೇ ಆದ್ದರಿಂದ ಕಾವಲುಗಾರನಿಗೆ ಗುರುತು ಹತ್ತುವುದಿಲ್ಲ. ಆದರೆ ಬಿ-ಕೋಶದ ಮೈಮೇಲೆ ಸಿಡಿ19 ಎಂಬ ಪ್ರೋಟೀನು ಇರುತ್ತದೆ. ಅದಕ್ಕೆ ಸರಿಯಾಗಿ ಕಚ್ಚಿಕೊಳ್ಳುವ ಒಂದು ಕೊಕ್ಕೆಯನ್ನು ಟಿ-ಕೋಶದ ಮೈಗೆ ಹೊಲಿದುಬಿಟ್ಟರೆ? ಆ ಕೊಕ್ಕೆಯೇ ಕಾರ್. ಹೊರಗೆ ಸಿಡಿ19 ಹಿಡಿಯುವ ತುದಿ. ಒಳಗೆ, ಹಿಡಿದ ಕೂಡಲೇ ಕೋಶವನ್ನು ಕೆರಳಿಸುವ ಎರಡು ತುಂಡು. ಒಂದು ಕೊಲ್ಲು ಎನ್ನುತ್ತದೆ, ಇನ್ನೊಂದು ಬದುಕಿ ಬೆಳೆ ಎನ್ನುತ್ತದೆ.

ಹೊರಗಿನ ತುದಿಯನ್ನು ಮೊದಲು ಇಲಿಯ ಪ್ರತಿಕಾಯದಿಂದ ತೆಗೆದುಕೊಳ್ಳುತ್ತಿದ್ದರು. ಮೈಗೆ ಅದು ಪರಕೀಯ ಎಂದು ತಿಳಿದರೆ ಹಾಕಿದ ಟಿ-ಕೋಶಗಳನ್ನೇ ಮೈ ಹೊಡೆದುಹಾಕಬಹುದು. ಐಐಟಿ ಬಾಂಬೆಯಲ್ಲಿ ರಾಹುಲ್ ಪುರ್ವಾರ್ ಅವರ ತಂಡ ಆ ತುದಿಯನ್ನು ಮನುಷ್ಯರ ಪ್ರತಿಕಾಯಕ್ಕೆ ಹತ್ತಿರವಾಗುವಂತೆ ತಿದ್ದಿತು. ಟಾಟಾ ಸ್ಮಾರಕ ಕೇಂದ್ರದ ಕಡೆಯಿಂದ ಗೌರವ್ ನರುಲಾ, ಹಸ್ಮುಖ್ ಜೈನ್ ಮೊದಲಾದ ವೈದ್ಯರು ಕೈಜೋಡಿಸಿದರು. ಐಐಟಿಯ ಇನ್‌ಕ್ಯುಬೇಟರಿನಿಂದ ಇಮ್ಯುನೋಆಕ್ಟ್ ಕಂಪನಿ ಹೊರಟಿತು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಅದರ ಅಂಗಸಂಸ್ಥೆ ಬಿರಾಕ್ ಮನುಷ್ಯರ ಮೇಲಿನ ಮೊದಲ ಪ್ರಯೋಗಕ್ಕೆ 19.15 ಕೋಟಿ ರೂಪಾಯಿ ಮಂಜೂರು ಮಾಡಿದವು. 2021ರ ಜೂನ್ 4ರಂದು ಖಾರ್ಘರ್‌ನಲ್ಲಿರುವ ಟಾಟಾ ಕೇಂದ್ರದ ಸಂಶೋಧನಾ ಸಂಸ್ಥೆ ಆಕ್ಟ್ರೆಕ್‌ನ ಅಸ್ಥಿಮಜ್ಜೆ ಕಸಿ ವಿಭಾಗದಲ್ಲಿ, ಮೊದಲ ರೋಗಿಗೆ ಅದು ಏರಿತು. 2023ರ ಅಕ್ಟೋಬರಿನಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಟ್ಟಿತು. ನೆಕ್ಸ್‌ಕಾರ್19 ಎಂಬ ಹೆಸರಿನಲ್ಲಿ 2024ರ ಏಪ್ರಿಲ್ 4ರಂದು ರಾಷ್ಟ್ರಪತಿಗಳು ಪೊವಾಯಿಯಲ್ಲಿ ಬಿಡುಗಡೆ ಮಾಡಿದರು.

ಪತ್ರಿಕೆಯಲ್ಲಿ ಇಷ್ಟು ಬಂದಿತ್ತು. ಕೈ ಬದಲಾಗುವ ಜಾಗಗಳು ಅದರಲ್ಲಿ ಕಾಣುವುದಿಲ್ಲ.

ಮೊದಲ ಜಾಗ ರೋಗಿಯ ತೋಳು. ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಬಿಳಿ ಕಣಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ವಾಪಸು ಮೈಗೆ ಬಿಡುತ್ತಾರೆ. ದೊಡ್ಡವರಲ್ಲಿ ಮೈಯ ಒಟ್ಟು ರಕ್ತದ ಎರಡು ಮೂರು ಪಟ್ಟು ಹಾಯಬೇಕು, ಅಂದರೆ 10ರಿಂದ 15 ಲೀಟರು. ಮೂರರಿಂದ ಐದು ಗಂಟೆ ಹಿಡಿಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ಸೇರಿಸುವ ಸಿಟ್ರೇಟ್ ರಕ್ತದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ತುಟಿ, ಬೆರಳ ತುದಿ ಜುಮ್ಮೆನ್ನುತ್ತದೆ. ಇದನ್ನು ರೋಗಿ ಕೂಡಲೇ ಹೇಳಬೇಕು. ಕ್ಯಾಲ್ಸಿಯಂ ಕೊಟ್ಟರೆ ಇಳಿಯುತ್ತದೆ. ಕಡೆಗೆ ಸಿಗುವುದು ಒಂದು ಚಿಕ್ಕ ಚೀಲ, ಕೆಂಪು ಬಣ್ಣದ್ದು.

ಈ ಚೀಲ ಚೆನ್ನಾಗಿಲ್ಲದಿದ್ದರೆ ಮುಂದಿನ ಯಾವ ಜಾಣತನವೂ ಕೆಲಸಕ್ಕೆ ಬಾರದು. ನಾಲ್ಕಾರು ಬಗೆಯ ಕೀಮೊ ಹಾದುಬಂದವರ ಟಿ-ಕೋಶ ಎಣಿಕೆಯಲ್ಲೂ ಕಮ್ಮಿ, ತ್ರಾಣದಲ್ಲೂ ಕಮ್ಮಿ. ಸ್ಟೀರಾಯ್ಡ್ ಲಿಂಫೊಸೈಟುಗಳನ್ನೇ (ಟಿ-ಕೋಶ, ಬಿ-ಕೋಶ ಸೇರಿದ ಬಿಳಿ ಕಣಗಳ ಗುಂಪು) ಕೊಲ್ಲುವುದರಿಂದ ಕೆಲವು ದಿನ ಮುಂಚೆಯೇ ನಿಲ್ಲಿಸಬೇಕು. ಉಬ್ಬಸಕ್ಕೆಂದೋ ಊತಕ್ಕೆಂದೋ ಊರಿನ ಡಾಕ್ಟರು ಬರೆದ ಬಿಳಿ ಗುಳಿಗೆಯನ್ನು ಯಾರೂ ಹೇಳದೆ ನುಂಗುತ್ತಿದ್ದರೆ ಚೀಲದ ಗತಿ ಅಷ್ಟೇ. ಚೀಲದಲ್ಲಿ ಮೊನೊಸೈಟು ಎಂಬ ಬೇರೆ ಬಗೆಯ ಬಿಳಿ ಕಣಗಳು ಹೆಚ್ಚಾದರೂ ಕಷ್ಟ: ಮುಂದಿನ ಹಂತದಲ್ಲಿ ಟಿ-ಕೋಶವನ್ನು ಎಬ್ಬಿಸಲು ಹಾಕುವ ಕಾಂತಮಣಿಗಳನ್ನು ಅವು ನುಂಗಿಬಿಡುತ್ತವೆ. ಕ್ಯಾನ್ಸರ್ ತಜ್ಞರು, ರಕ್ತನಿಧಿಯವರು, ತಯಾರಿಸುವವರು ಮೂವರೂ ಒಂದೇ ಕ್ಯಾಲೆಂಡರ್ ನೋಡಿ ದಿನ ಗೊತ್ತುಮಾಡಬೇಕು ಎನ್ನುವುದು ಇದಕ್ಕೇ.

ಎರಡನೆಯ ಜಾಗ, ಹೆಸರು. ಚೀಲ ಆಸ್ಪತ್ರೆ ಬಿಟ್ಟು ತಯಾರಿಕೆಯ ಕೋಣೆಗೆ ಹೋಗಿ ವಾರಗಳ ನಂತರ ಅದೇ ರೋಗಿಗೆ ಹಿಂದಿರುಗಬೇಕು. ಬೇರೆಯವರದ್ದು ಬಂದರೆ ಅನಾಹುತ. ಹೆಸರು, ನೋಂದಣಿ ಸಂಖ್ಯೆ, ಚೀಲದ ಸಂಕೇತ ಮೂರನ್ನೂ ಕೊಡುವವರು, ಪಡೆಯುವವರು ಇಬ್ಬರೂ ಗಟ್ಟಿಯಾಗಿ ಓದಿ ಸಹಿ ಹಾಕುತ್ತಾರೆ. ಇಲ್ಲಿ ನಮ್ಮವರಿಗೊಂದು ವಿಶೇಷ ತೊಡಕು ಉಂಟು. ಊರಿನ ಕಾಗದದಲ್ಲಿ ಇನಿಷಿಯಲ್ಲು ಮೊದಲು, ಹೆಸರು ಆಮೇಲೆ. ಮುಂಬಯಿಯ ಕಾಗದದಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಆಧಾರಿನಲ್ಲಿ ಒಂದು ಕಾಗುಣಿತ, ಆಸ್ಪತ್ರೆಯ ಫೈಲಿನಲ್ಲಿ ಇನ್ನೊಂದು. ಬೇರೆ ಚಿಕಿತ್ಸೆಗಳಲ್ಲಿ ಇದು ಬರೀ ಕಿರಿಕಿರಿ. ಇಲ್ಲಿ ಮಾತ್ರ ಒಂದಕ್ಷರ ತಾಳೆಯಾಗದಿದ್ದರೂ ಚೀಲವನ್ನು ತಡೆದು ನಿಲ್ಲಿಸುತ್ತಾರೆ, ನಿಲ್ಲಿಸಲೂಬೇಕು.

ತಯಾರಿಕೆಯ ಕೋಣೆಯೊಳಗೆ ಟಿ-ಕೋಶಗಳನ್ನು ಬೇರ್ಪಡಿಸಿ, ಮಣಿಗಳಿಂದ ಎಬ್ಬಿಸಿ, ಕೊಕ್ಕೆಯ ಜೀನನ್ನು ಒಳಕ್ಕೆ ತಲುಪಿಸುತ್ತಾರೆ. ತಲುಪಿಸುವ ಪೋಸ್ಟ್‌ಮ್ಯಾನ್ ಒಂದು ಲೆಂಟಿವೈರಸ್: ಎಚ್‌ಐವಿಯ ಬಳಗದ್ದು, ಆದರೆ ಮರಿ ಹಾಕಲಾಗದಂತೆ ಬರಿದುಮಾಡಿದ್ದು. ಬೇಕಾದ ಜೀನುಗಳನ್ನು ಸಾಮಾನ್ಯವಾಗಿ ಪ್ಲಾಸ್ಮಿಡ್ ಎಂಬ ನಾಲ್ಕು ಡಿಎನ್‌ಎ ಉಂಗುರಗಳಲ್ಲಿ ಬಿಡಿಬಿಡಿಯಾಗಿ ಹಂಚಿರುತ್ತಾರೆ, ಮತ್ತೆ ಒಟ್ಟುಗೂಡಿ ಪೂರ್ತಿ ವೈರಸ್ ಆಗದಿರಲಿ ಎಂದು. ಮನುಷ್ಯನ ಮೂತ್ರಪಿಂಡ ಮೂಲದ ಜೀವಕೋಶಗಳಲ್ಲಿ ಅವನ್ನು ಸೇರಿಸಿ, ಎರಡು ಮೂರು ದಿನಕ್ಕೆ ಮೇಲಿನ ದ್ರವ ಬಸಿದು, ಸಾಂದ್ರಗೊಳಿಸಿ, ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಬಲ ಕುಗ್ಗುವುದರಿಂದ ಒಂದು ಸಲಕ್ಕೆ ಬೇಕಾದಷ್ಟನ್ನೇ ಚಿಕ್ಕ ಚಿಕ್ಕ ಬಾಟಲಿಗಳಲ್ಲಿ ತುಂಬುವುದು ವಾಡಿಕೆ. ಇಡೀ ಚಿಕಿತ್ಸೆಯ ದುಬಾರಿ ಸಾಮಗ್ರಿ ಇದೇ. ಬೆಲೆ ಇಳಿದುದರ ಗುಟ್ಟುಗಳಲ್ಲಿ ಒಂದು, ವೆಕ್ಟರ್ ಎನ್ನುವ ಈ ವಾಹಕ ವೈರಸ್ಸನ್ನು ಹೊರದೇಶದಿಂದ ತರಿಸದೆ ಇಲ್ಲೇ ಮಾಡಲು ಕಲಿತದ್ದು.

ಆಮೇಲೆ ಬೆಳೆಸುವ ಕೆಲಸ. 37 ಡಿಗ್ರಿ, ಶೇ 5 ಇಂಗಾಲದ ಡೈಆಕ್ಸೈಡ್, ವಾರದಿಂದ ಹತ್ತು ದಿನ. ಮನೆಯಲ್ಲಿ ಹೆಪ್ಪು ಹಾಕುವವರಿಗೆ ಈ ಹದ ಗೊತ್ತು: ಹೊತ್ತು ಮೀರಿದರೆ ಮೊಸರು ಹುಳಿಯುತ್ತದೆ. ಟಿ-ಕೋಶವನ್ನೂ ಬಹಳ ದಿನ ಬೆಳೆಸಿದರೆ ಎಣಿಕೆ ಏರುತ್ತದೆ, ಆದರೆ ದಣಿದು ಮುದಿಯಾಗಿ ಮೈಯೊಳಗೆ ಹೋದ ಮೇಲೆ ಬಾಳುವುದಿಲ್ಲ. ಲೆಕ್ಕ ತುಂಬಿತೆಂದು ಖುಷಿಪಡುವುದು ಹೊಸಬರ ತಪ್ಪು.

ಕಡೆಗೆ ಕಾಂತದಿಂದ ಮಣಿ ತೆಗೆದು, ಹೆಪ್ಪುಗಟ್ಟುವಾಗ ಕೋಶವನ್ನು ಕಾಯುವ ಡಿಎಂಎಸ್‌ಒ ಎಂಬ ದ್ರವ ಬೆರೆಸಿ, ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ತಣಿಸುತ್ತಾರೆ. ಬೇಗ ತಣಿಸಿದರೆ ಕೋಶದ ಒಳಗೇ ಮಂಜುಹರಳು ಹುಟ್ಟಿ ಸಿಡಿಯುತ್ತದೆ. ತೀರಾ ನಿಧಾನಿಸಿದರೆ ನೀರೆಲ್ಲ ಹೊರಬಿದ್ದು ಮುದುಡುತ್ತದೆ. ಶೇಖರಣೆ ದ್ರವ ಸಾರಜನಕದ ಆವಿಯಲ್ಲಿ, ಮೈನಸ್ 150ಕ್ಕೂ ಕೆಳಗೆ. ಹೊರಡುವ ಮುನ್ನ ಪರೀಕ್ಷೆಗಳ ಸಾಲು: ಬದುಕಿರುವ ಕೋಶ ಎಷ್ಟು ಪಾಲು, ಅದರಲ್ಲಿ ಕೊಕ್ಕೆ ಬಂದಿರುವುದು ಎಷ್ಟು, ಒಂದೊಂದು ಕೋಶದಲ್ಲಿ ಜೀನಿನ ಪ್ರತಿ ಎಷ್ಟು, ಬ್ಯಾಕ್ಟೀರಿಯಾ, ಬೂಷ್ಟು, ಮೈಕೊಪ್ಲಾಸ್ಮಾ, ಎಂಡೊಟಾಕ್ಸಿನ್, ಮರಿ ಹಾಕಬಲ್ಲ ವೈರಸ್ ಎಲ್ಲಾದರೂ ಉಳಿಯಿತೇ. ಸಾಂಪ್ರದಾಯಿಕ ಸೂಕ್ಷ್ಮಾಣು ಪರೀಕ್ಷೆಗೆ 14 ದಿನ ಬೇಕು. ಕ್ಯಾನ್ಸರ್ 14 ದಿನ ಕಾಯುತ್ತಾ ಕೂರುವುದಿಲ್ಲವಾದ್ದರಿಂದ ವೇಗದ ಪರೀಕ್ಷೆಗಳೂ ಬಂದಿವೆ.

ಸಾಗಿಸುವ ಡಬ್ಬಿಯ ಬಗ್ಗೆ ಒಂದು ಮಾತು. ಅದರ ಒಳಗೋಡೆ ಸ್ಪಂಜಿನಂತೆ ದ್ರವ ಸಾರಜನಕ ಹೀರಿಕೊಂಡಿರುತ್ತದೆ. ನೆಟ್ಟಗೆ ನಿಂತಿದ್ದರೆ ಚಳಿ ಒಂದು ವಾರಕ್ಕೂ ಹೆಚ್ಚು ಉಳಿಯುತ್ತದೆ; ಅಡ್ಡ ಮಲಗಿಸಿದರೆ ಬಲುಬೇಗ ಆರುತ್ತದೆ. ಜುಲೈ ಮಳೆಗೆ ರಸ್ತೆ ನಿಂತರೂ ಚಿಂತೆಯಿಲ್ಲ. ಡಿಕ್ಕಿಯಲ್ಲಿ ಜಾಗವಿಲ್ಲವೆಂದು ಮಲಗಿಸುವ ಡ್ರೈವರಿಗೆ ಮಾತ್ರ ಹೆದರಬೇಕು. ಒಳಗಿನ ತಾಪ ದಾಖಲಿಸುವ ಉಪಕರಣವನ್ನು ಚೀಲ ಮುಟ್ಟುವ ಮೊದಲೇ ಓದುವುದು ಇದಕ್ಕಾಗಿಯೇ.

ಆಸ್ಪತ್ರೆಯಲ್ಲಿ ಅಷ್ಟರೊಳಗೆ ರೋಗಿಯ ಮೈಯಲ್ಲಿ ಜಾಗ ಖಾಲಿ ಮಾಡಿರುತ್ತಾರೆ. ಫ್ಲುಡರಬಿನ್, ಸೈಕ್ಲೊಫಾಸ್ಫಮೈಡ್ ಎಂಬ ಎರಡು ಕೀಮೊ ಔಷಧಿಗಳನ್ನು ಸಾಮಾನ್ಯವಾಗಿ ಮೂರು ದಿನ ಕೊಟ್ಟು, ಇದ್ದ ಲಿಂಫೊಸೈಟುಗಳನ್ನು ಇಳಿಸಿ, ಬರುವವರಿಗೆ ಊಟ-ಜಾಗ ಎರಡೂ ಸಿಗುವಂತೆ ಮಾಡುತ್ತಾರೆ. ಚೀಲ ಬಂದದ್ದು ಖಾತ್ರಿಯಾಗದೆ ಇದನ್ನು ಶುರು ಮಾಡಬಾರದು. ಶುರು ಮಾಡಿದ ಮೇಲೆ ಚೀಲ ತಿರಸ್ಕೃತವಾದರೆ ರೋಗಿ ಬರಿಗೈಲಿ, ಬರಿಮೈಲಿ ಉಳಿದಂತೆ.

ಹಾಕುವ ದಿನ ನೋಡಲು ಸಪ್ಪೆ. 37 ಡಿಗ್ರಿಯ ನೀರಿನಲ್ಲಿ ಚೀಲ ಕರಗಿಸಿ ಅರ್ಧ ಗಂಟೆಯೊಳಗೆ ಏರಿಸಬೇಕು, ಕೋಣೆಯ ತಾಪದಲ್ಲಿ ಡಿಎಂಎಸ್‌ಒ ಕೋಶಗಳಿಗೆ ವಿಷ. ರೋಗಿಯ ಉಸಿರಿಗೆ ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆ, ಗಾಬರಿ ಬೇಡ. ದೊಡ್ಡ ಅಪಾಯ ಬರುವುದು ರೂಢಿಯಿಂದ. ಇಂಥ ರೋಗಿಗಳಿಗೆ ರಕ್ತ ಏರಿಸುವಾಗ ಬಿಳಿ ಕಣ ಸೋಸುವ ಫಿಲ್ಟರ್ ಹಾಕುವುದು, ಚೀಲವನ್ನು ವಿಕಿರಣಕ್ಕೆ ಒಡ್ಡುವುದು ಒಳ್ಳೆಯ ದಾದಿಯರ ಅಭ್ಯಾಸ. ಇಲ್ಲಿ ಅದೇ ಅಭ್ಯಾಸ ಔಷಧಿಯನ್ನೇ ಕೊಲ್ಲುತ್ತದೆ. ಔಷಧಿಯೇ ಬಿಳಿ ಕಣ. ಫಿಲ್ಟರಿನಲ್ಲಿ ಉಳಿದರೆ ಲಕ್ಷಗಟ್ಟಲೆ ರೂಪಾಯಿ ಕಸದ ಬುಟ್ಟಿಗೆ. ಪೊವಾಯಿಯ ವಿಜ್ಞಾನಿಗೆ ಗೊತ್ತಿರುವುದು ಖಾರ್ಘರ್‌ನ ರಾತ್ರಿಪಾಳಿಯ ದಾದಿಗೂ ಗೊತ್ತಿರಬೇಕು. ಸಹಭಾಗಿತ್ವದ ಯಶಸ್ಸನ್ನು ನಾನು ಅಳೆಯುವುದು ಈ ಕೋಲಿನಿಂದ.

ಆಮೇಲಿನ ದಿನಗಳಲ್ಲಿ ಮೊದಲ ಸೂಚನೆ ಜ್ವರ. ಹಾಕಿದ ಕೋಶಗಳು ಕ್ಯಾನ್ಸರಿನ ಮೇಲೆ ಬಿದ್ದಾಗ ಮೈಯಲ್ಲಿ ಸೈಟೊಕೈನ್ ಎಂಬ ಸಂದೇಶ ಒಯ್ಯುವ ಪ್ರೋಟೀನುಗಳ ಪ್ರವಾಹವೇ ಹರಿಯುತ್ತದೆ, ಅದರಲ್ಲೂ ಐಎಲ್-6 ಎಂಬುದು. ಜ್ವರದ ಹಿಂದೆ ರಕ್ತದೊತ್ತಡ ಕುಸಿಯಬಹುದು, ಆಮ್ಲಜನಕ ಇಳಿಯಬಹುದು. ಇದಕ್ಕೆ ಐಎಲ್-6ರ ಕೆಲಸವನ್ನು ತಡೆಯುವ ಔಷಧಿ ಟೊಸಿಲಿಜುಮಾಬ್, ದೊಡ್ಡವರಿಗೆ ಮೈತೂಕದ ಕಿಲೋಗೆ 8 ಮಿಲಿಗ್ರಾಂ, ಒಮ್ಮೆಗೆ 800 ಮೀರದಂತೆ. ಚೀಲ ಕರಗಿಸುವ ಮೊದಲೇ ಅದು ವಾರ್ಡಿನ ಫ್ರಿಜ್ಜಿನಲ್ಲಿರಬೇಕು, ಮಧ್ಯರಾತ್ರಿ ಚೀಟಿ ಹಿಡಿದು ಔಷಧಿ ಅಂಗಡಿಗೆ ಓಡುವ ಸಂಗತಿ ಅಲ್ಲ. ಜತೆಗೆ ಸೋಂಕಿನ ಜ್ವರವೂ ಇರಬಹುದು ಎಂದುಕೊಂಡೇ ಆಂಟಿಬಯಾಟಿಕ್ ಶುರು ಮಾಡುತ್ತಾರೆ. ಎರಡನ್ನೂ ಬೇರ್ಪಡಿಸಿ ಹೇಳುವುದು ಆ ರಾತ್ರಿ ಯಾರಿಂದಲೂ ಆಗದು.

ಫಲ ಏನು ಎಂದು ಕೇಳುತ್ತೀರಿ. ಪ್ರಯೋಗದ ವರದಿ 2025ರಲ್ಲಿ ಲ್ಯಾನ್ಸೆಟ್ ಹೆಮಟಾಲಜಿಯಲ್ಲಿ ಬಂತು. 64 ರೋಗಿಗಳು, ಬೇರೆ ಚಿಕಿತ್ಸೆಗಳಿಗೆ ಜಗ್ಗದೆ ರೋಗ ಮರಳಿದವರು. ಫಲ ಅಳೆಯಲು ಸಾಧ್ಯವಾದವರಲ್ಲಿ ಶೇ 73 ಮಂದಿಗೆ ರೋಗ ತಗ್ಗಿತು. ಚಿಕಿತ್ಸೆಯಿಂದಲೇ ಇಬ್ಬರು ತೀರಿಕೊಂಡರು. ತಗ್ಗಿದವರಲ್ಲಿ ಎಲ್ಲರಿಗೂ ಅದು ಶಾಶ್ವತವಲ್ಲ. ಈ ಎಲ್ಲ ವಾಕ್ಯಗಳನ್ನೂ ಒಟ್ಟಿಗೆ ಓದಬೇಕು. ನಡುವಿನದನ್ನು ಮಾತ್ರ ವಾಟ್ಸಾಪಿನಲ್ಲಿ ಕಳಿಸಬೇಡಿ.

2024ರಲ್ಲಿ ಬಿಡುಗಡೆಯಾದಾಗ ಬೆಲೆ ಸುಮಾರು 40 ಲಕ್ಷ ರೂಪಾಯಿ ಇತ್ತು. ಅಮೆರಿಕದಲ್ಲಿ 2017ರಲ್ಲಿ ಬಂದ ಮೊದಲ ಕಾರ್-ಟಿಯ ಘೋಷಿತ ಬೆಲೆ 4,75,000 ಡಾಲರ್. ಹತ್ತರಲ್ಲೊಂದು ಎನ್ನುವುದು ಹೆಮ್ಮೆಯ ಮಾತೇ. ಆದರೆ ಡೊಂಬಿವಿಲಿಯಿಂದ ನಿತ್ಯ ಲೋಕಲ್ ಹಿಡಿಯುವವನಿಗೆ 40 ಲಕ್ಷವೂ ಗೋಡೆ, 4 ಕೋಟಿಯೂ ಗೋಡೆ. ಇನ್ನೂ ಇಳಿಯಬಾರದೇಕೆ? ಇದಕ್ಕೆ ಉತ್ತರ ಪುಣೆಯಲ್ಲಿದೆ.

ಪುಣೆಯ ಸೀರಂ ಇನ್‌ಸ್ಟಿಟ್ಯೂಟ್, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಪಾತ್ ಎಂಬ ಸಂಸ್ಥೆ ಸೇರಿ ಆಫ್ರಿಕಾಕ್ಕೆ ಮೆನಿಂಜೈಟಿಸ್ ಎ, ಅಂದರೆ ಒಂದು ಬಗೆಯ ಮಿದುಳುಪೊರೆಯ ಉರಿಯೂತದ, ಲಸಿಕೆ ಮಾಡಿದವು. ಅಲ್ಲಿನವರು ಮೊದಲೇ ಹೇಳಿದ್ದರು, ಡೋಸಿಗೆ ಅರ್ಧ ಡಾಲರಿಗಿಂತ ಕಮ್ಮಿ ಇರಬೇಕು ಎಂದು. ಬೆಲೆ ಮೊದಲು, ವಿಧಾನ ಆಮೇಲೆ. ಬ್ಯಾಕ್ಟೀರಿಯಾದ ಹೊರಕವಚದ ಸಕ್ಕರೆಯನ್ನಷ್ಟೇ ಕೊಟ್ಟರೆ ಎಳೆಮಕ್ಕಳ ಮೈ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಪ್ರೋಟೀನಿಗೆ ಬೆಸೆದರೆ ನೆನಪಿಡುತ್ತದೆ. ಬೆಸೆಯುವ ವಿಧಾನ ಅಮೆರಿಕದ ಔಷಧ ನಿಯಂತ್ರಕರ ಪ್ರಯೋಗಾಲಯದಿಂದ, ಮೊದಮೊದಲ ಸಕ್ಕರೆ ಆಮ್‌ಸ್ಟರ್‌ಡ್ಯಾಮಿನಿಂದ, ಟೆಟನಸ್ ಪ್ರೋಟೀನು ಪುಣೆಯಿಂದ. 2010ರ ಡಿಸೆಂಬರಿನಲ್ಲಿ ಬುರ್ಕಿನಾ ಫಾಸೊದಲ್ಲಿ ಶುರುವಾಗಿ 30 ಕೋಟಿಗೂ ಹೆಚ್ಚು ಜನರನ್ನು ಮುಟ್ಟಿತು. ಐಸ್ ಪೆಟ್ಟಿಗೆಯಿಲ್ಲದೆ 40 ಡಿಗ್ರಿಯವರೆಗಿನ ತಾಪದಲ್ಲಿ ನಾಲ್ಕು ದಿನ ಇಡಬಹುದು ಎಂಬ ಅನುಮತಿಯೂ 2012ರಲ್ಲಿ ಸಿಕ್ಕಿತು. ಕೊನೆಯ ಹಳ್ಳಿಯಲ್ಲಿ ಕೈ ಬದಲಾಗುವುದು ಅದರಿಂದ ಎಷ್ಟು ಸಲೀಸಾಯಿತು ಎಂದು ಊಹಿಸಿ.

ಲಸಿಕೆಯ ಒಂದು ಬ್ಯಾಚಿನ ಪರೀಕ್ಷೆಯ ಖರ್ಚನ್ನು ಲಕ್ಷಾಂತರ ಡೋಸುಗಳು ಹಂಚಿಕೊಳ್ಳುತ್ತವೆ. ಕಾರ್-ಟಿಯಲ್ಲಿ ಒಂದು ಬ್ಯಾಚ್ ಎಂದರೆ ಒಬ್ಬ ರೋಗಿ. ಅದೇ ಸಾಲು ಪರೀಕ್ಷೆ, ಅದೇ ಶುದ್ಧ ಕೋಣೆ, ಅಷ್ಟೇ ಜನ, ಅಷ್ಟೇ ಕಾಗದ, ಎಲ್ಲವೂ ಒಬ್ಬರ ತಲೆಯ ಮೇಲೆ. ದೊಡ್ಡ ಪಾತ್ರೆ ತಂದರೆ ಅಗ್ಗವಾಗುವ ಅಡುಗೆ ಇದಲ್ಲ. ಮುಂದೆ ಇಳಿಯುವುದಿದ್ದರೆ ವೆಕ್ಟರಿನಲ್ಲಿ, ಮುಚ್ಚಿದ ಸ್ವಯಂಚಾಲಿತ ಯಂತ್ರಗಳಲ್ಲಿ, ವೇಗದ ಪರೀಕ್ಷೆಗಳಲ್ಲಿ, ಆಸ್ಪತ್ರೆಯ ಹಾಸಿಗೆಯ ದಿನಗಳಲ್ಲಿ ಇಳಿಯಬೇಕು.

ಉಪನ್ಯಾಸದ ನಂತರ ಬಂದ ಒಂದು ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ: ಊರಿನಿಂದ ರೋಗಿಯ ಜತೆ ಬರುವವರು ಏನು ಮಾಡಬೇಕು? ಚೀಲ ಹಾಕಿದ ಮೇಲೆ ಸುಮಾರು ನಾಲ್ಕು ವಾರ ಆಸ್ಪತ್ರೆಗೆ ಹತ್ತಿರದಲ್ಲೇ ಇರುವಂತೆ ವಸತಿ ನೋಡಿಕೊಳ್ಳಿ. ಮನೆಯಲ್ಲಿ ಥರ್ಮಾಮೀಟರ್ ಇರಲಿ. 38 ಡಿಗ್ರಿ ಮುಟ್ಟಿದರೆ ಗುಳಿಗೆ ನುಂಗಿಸಿ ಬೆಳಗಾಗಲಿ ಎಂದು ಕಾಯಬೇಡಿ. ಸ್ಟೀರಾಯ್ಡನ್ನು ಆ ತಂಡದವರನ್ನು ಕೇಳದೆ ಯಾರು ಬರೆದರೂ ಕೊಡಬೇಡಿ. ಒಳ್ಳೆಯ ಬಿ-ಕೋಶಗಳೂ ಸಾಯುವುದರಿಂದ ತಿಂಗಳುಗಟ್ಟಲೆ ಸೋಂಕಿನ ಭಯ ಇರುತ್ತದೆ, ಕೆಲವರಿಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಹೊರಗಿನಿಂದ ಪ್ರತಿಕಾಯ, ಕೊಡಬೇಕಾಗುತ್ತದೆ.

ಇನ್ನೊಂದು ಇದೆ, ಅದು ಕನ್ನಡದ್ದು. ಈ ಚಿಕಿತ್ಸೆಯಲ್ಲಿ ಕೆಲವರ ಮೆದುಳಿಗೆ ಮಂಕು ಕವಿಯುತ್ತದೆ. ಅದನ್ನು ಬೇಗ ಹಿಡಿಯಲು ದಿನಾ ಹತ್ತು ಅಂಕದ ಒಂದು ಪರೀಕ್ಷೆ: ವರ್ಷ, ತಿಂಗಳು, ಊರು, ಆಸ್ಪತ್ರೆ ಯಾವುದು ಎಂದರೆ ನಾಲ್ಕು, ಮೂರು ವಸ್ತುಗಳ ಹೆಸರು ಹೇಳಿದರೆ ಮೂರು, ಹೇಳಿದಂತೆ ಮಾಡಿದರೆ ಒಂದು, ನೂರರಿಂದ ಹತ್ತತ್ತು ಕಳೆಯುತ್ತಾ ಎಣಿಸಿದರೆ ಒಂದು, ಒಂದು ವಾಕ್ಯ ಬರೆದರೆ ಒಂದು. ಹಾವೇರಿಯಿಂದಲೋ ಕುಂದಾಪುರದಿಂದಲೋ ಬಂದ ಅಮ್ಮನನ್ನು ಹಿಂದಿಯಲ್ಲಿ ಕೇಳಿದರೆ ಆಕೆ ತಡವರಿಸುವುದು ಭಾಷೆಗೋ ರೋಗಕ್ಕೋ ಯಾರಿಗೆ ತಿಳಿದೀತು? ಚೀಲ ಹಾಕುವ ಮುಂಚಿನ ದಿನವೇ ಒಂದು ಕನ್ನಡ ವಾಕ್ಯವನ್ನು ಆಕೆಯ ಕೈಯಲ್ಲೇ ಬರೆಸಿ, ಹಾಳೆಯನ್ನು ಫೈಲಿಗೆ ಹಾಕಿಸಿ. ದಿನವೂ ಅದೇ ವಾಕ್ಯ ಅದರ ಕೆಳಗೇ ಬರೆಸಲಿ. ಒತ್ತು ಬಿಟ್ಟುಹೋದದ್ದು, ಸಾಲು ಓರೆಯಾದದ್ದು, ದೀರ್ಘ ಎಳೆಯದೆ ಕೈ ನಿಂತದ್ದು ಮರಾಠಿ ದಾದಿಯ ಕಣ್ಣಿಗೆ ಬೀಳದಿರಬಹುದು. ಪಕ್ಕದಲ್ಲಿ ಕೂತ ನಿಮಗೆ ಬೀಳುತ್ತದೆ. ಆಗ ಬೆಲ್ ಒತ್ತಿ.